ಮಕ್ಕಳ ನಗೆ ಕಥೆಗಳು: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಕೂತು ನಾನು ಮಕ್ಕಳಿಗಾಗಿ ನಗೆ ಕಥೆ, ನಗೆ ಪದ್ಯ ಬರೆಯುತ್ತೇನೆ. ಓದಿದ ಮಕ್ಕಳು ಕಾರ್ಡು ಬರೆಯುತ್ತಾರೆ. ಅಪ್ಪ ಅಮ್ಮಂದಿರು ಸಂತೆಯಲ್ಲಿ, ಮದುವೆ ಮನೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಶಿಕ್ಷಕರು ಫೋನ್ ಮಾಡುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಕೊಟ್ಟಿದ್ದೇನೆ. ಮೊದಲು ಮಕ್ಕಳ ಪ್ರಶ್ನೆಗಳು, ಕೊನೆಗೆ ತಾವೂ ಬರೆಯಬೇಕು ಅಂತ ಹೊರಟವರದು.

## ಮಕ್ಕಳು ಕೇಳಿದ್ದು

ಅಕ್ಕಾರ, ಆ ಅಂಜುಬುರಕ ಹೋರಿ ಖರೇನೇ ಐತೇನ್ರಿ? ನಮ್ಮೂರಾಗಂತೂ ಅಂಥಾದ್ದಿಲ್ಲ.

ಹೋರಿ ನಾನು ಕಟ್ಟಿದ್ದು. ಹಬ್ಬ ಮಾತ್ರ ಖರೆ. ಹಾವೇರಿ ಜಿಲ್ಲೆಯಲ್ಲಿ ದೀಪಾವಳಿ ಬಂತು ಅಂದರೆ ಹೋರಿ ಬೆದರಿಸುವ ಸ್ಪರ್ಧೆ. ಹೋರಿಯ ಕೊಂಬಿಗೆ ಬಣ್ಣ, ಬಲೂನು, ಮೈಗೆ ಝೂಲ, ಕೊರಳಿಗೆ ಒಣ ಕೊಬ್ಬರಿಯ ಸರ. ಬಿಟ್ಟ ಕೂಡಲೇ ಹೋರಿ ಓಡಬೇಕು, ಹುಡುಗರು ಬೆನ್ನು ಹತ್ತಿ ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ದಾಟಿ ಹೋದ ಹೋರಿಗೆ ಸುತ್ತ ಹತ್ತೂರಲ್ಲಿ ಹೆಸರು.

ಇಷ್ಟು ಗದ್ದಲದ ನಡುವೆ ಒಂದು ಹೋರಿಗೆ ಓಡುವ ಮನಸ್ಸೇ ಬರದಿದ್ದರೆ? ನನ್ನ ಹೋರಿ ನಿಂತಲ್ಲೇ ನಿಂತು ತನ್ನ ಕೊರಳ ಕೊಬ್ಬರಿಯನ್ನು ತಾನೇ ತಿನ್ನುತ್ತದೆ. ಜನ ಹತ್ತಿರ ಬರುವಷ್ಟರಲ್ಲಿ ಹರಿಯಲು ಒಂದು ಚೂರೂ ಉಳಿದಿಲ್ಲ. ಹೀಗಾಗಿ ಅದೇ ಗೆಲ್ಲುತ್ತದೆ. ಅದು ಮೋಸ ಅಂತ ಹಾನಗಲ್ ಕಡೆಯ ಹುಡುಗನೊಬ್ಬ ಬರೆದಿದ್ದ. ಪುಸ್ತಕದಲ್ಲಿ ಪಂಚರೂ ಹಾಗೇ ಅಂದರು, ಅವರ ಜಗಳವೇ ನಾಲ್ಕು ಪುಟ ಇದೆ. ನೀನು ಯಾರ ಕಡೆ ಅನ್ನೋದನ್ನ ನನಗೆ ಬರಿ.

1507 ಮೀಟರ್ ಪ್ಲಾಟ್‌ಫಾರ್ಮ್ ಅಂದ್ರ ಎಷ್ಟು ಹೆಜ್ಜಿ ಆಗ್ತಾವ್ರಿ?

ನಿನ್ನ ಹೆಜ್ಜೆ ಅರ್ಧ ಮೀಟರ್ ಅಂತ ಹಿಡಿದರೆ ಮೂರು ಸಾವಿರದ ಹದಿನಾಲ್ಕು. ದೊಡ್ಡವರು ಸುಮ್ನೆ ನಡೆದರೂ ಇಪ್ಪತ್ತು ನಿಮಿಷ ಬೇಕು. ಹುಬ್ಬಳ್ಳಿ ನಿಲ್ದಾಣದ ಆ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಜಗತ್ತಿನಲ್ಲೇ ಉದ್ದದ್ದು ಅಂತ ಗಿನ್ನೆಸ್ ದಾಖಲೆಗೂ ಸೇರಿತು. ನನ್ನ ಕಥೆಯ ಅಜ್ಜ ಬೋಗಿ ಹುಡುಕುತ್ತ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವಲಕ್ಕಿ ಹಂಚುತ್ತಾನೆ. ಬೋಗಿ ಸಿಗುವ ಹೊತ್ತಿಗೆ ಚೀಲ ಖಾಲಿ, ಆದರೆ ಇಡೀ ರೈಲಿಗೆ ಅವನ ಗುರುತು.

ನಿಮಗ ಇಂಥಾ ಮಾತು ಎಲ್ಲಿಂದ ಹೊಳೀತಾವ?

ಹೊಳೆಯುವುದು ಕಡಿಮೆ. ಕೇಳಿಸಿಕೊಳ್ಳುವುದೇ ಜಾಸ್ತಿ. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಒಂದು ಧ್ವನಿ ಹೇಳುತ್ತಲೇ ಇರುತ್ತದೆ. ಒಮ್ಮೆ ಅವ್ವನ ತೊಡೆಯ ಮೇಲೆ ಕೂತ ಪುಟ್ಟ ಹುಡುಗಿಯೊಬ್ಬಳು ಆ ಧ್ವನಿಗೆ ಪ್ರತಿ ಸಲ ಉತ್ತರ ಕೊಡುತ್ತಿದ್ದಳು. ಮೊದಲು "ಹೂಂ" ಅಂದಳು. ಆಮೇಲೆ "ಗೊತ್ತೈತ್ರಿ" ಅಂದಳು. ಉಣಕಲ್ ಬರುವಾಗ ಅವ್ವನ ಕಡೆ ತಿರುಗಿ, "ಪಾಪ, ಇವರಿಗೆ ಯಾರೂ ಹೂಂ ಅನ್ನಂಗಿಲ್ಲ ನೋಡ್" ಅಂದಳು.

ಆ ಹುಡುಗಿ ತಮಾಷೆ ಮಾಡುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಹೂಂ ಅನ್ನಬೇಕು ಅಂತ ಮನೆಯಲ್ಲಿ ಕಲಿಸಿದ್ದಾರೆ, ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಮಕ್ಕಳ ನಗೆ ಹುಟ್ಟುವುದು ಇಂಥ ಕಡೆ. ಅವರು ಪೂರ್ತಿ ಮನಸ್ಸಿಟ್ಟು ಏನೋ ಮಾಡುತ್ತಿರುತ್ತಾರೆ, ಲೋಕ ಬೇರೆ ರೀತಿ ಇರುತ್ತದೆ. ನಾನು ಇಂಥದ್ದು ಕೇಳಿದ ಕೂಡಲೇ ಬರೆದಿಡುತ್ತೇನೆ. ಮನೆಗೆ ಹೋಗಿ ಬರೆಯೋಣ ಅಂದರೆ ಅವರು ಬಳಸಿದ ಮಾತು ಮರೆತುಹೋಗಿ ಬರೀ ಸಂಗತಿ ಉಳಿಯುತ್ತದೆ.

ನಾ ಕಾರ್ಡ್ ಬರದ್ರ ನೀವು ಉತ್ತರ ಬರೀತೀರೇನು?

ಬರೆಯುತ್ತೇನೆ. ನೀನೇ ಬರಿ, ದೊಡ್ಡವರಿಂದ ತಿದ್ದಿಸಬೇಡ. ಎಷ್ಟನೇ ಇಯತ್ತೆ ಅಂತ ಹೇಳು. ಚಿತ್ರ ಬಿಡಿಸಿದರೆ ಇನ್ನೂ ಚಲೋ.

## ಮನೆಯವರು ಕೇಳಿದ್ದು

ಯಾವ ವಯಸ್ಸಿಗೆ ಎಂಥಾ ಪುಸ್ತಕ ಕೊಡಬೇಕ್ರಿ ಮೇಡಂ?

ಮೂರರಿಂದ ಆರು ವರ್ಷದವರಿಗೆ ಚಿತ್ರ ದೊಡ್ಡದಿರಲಿ, ಒಂದೇ ಮಾತು ಮತ್ತೆ ಮತ್ತೆ ಬರಲಿ. ಮುಂದೆ ಯಾವ ಮಾತು ಬರುತ್ತದೆ ಅಂತ ಮೊದಲೇ ಗೊತ್ತಿರುವುದೇ ಅವರಿಗೆ ಖುಷಿ. ಆರು ದಾಟಿದ ಮೇಲೆ ಎಲ್ಲ ತಲೆಕೆಳಗಾಗುವ ಕಥೆ ಬೇಕು: ದೊಡ್ಡವರು ಎಡವಬೇಕು, ದನ ಮಾತಾಡಬೇಕು. ಒಂಬತ್ತು ಹತ್ತರ ಹೊತ್ತಿಗೆ ಮಾತಿನ ಆಟ, ಬಡಾಯಿ, ಹೇಳದೆ ಬಿಟ್ಟದ್ದನ್ನು ಹಿಡಿಯುವುದು ರುಚಿಸತೊಡಗುತ್ತದೆ.

ಆದರೆ ವಯಸ್ಸಿಗಿಂತ ನಾನು ನಂಬುವುದು ಅಂಗಡಿಯಲ್ಲೇ ಮಾಡುವ ಪರೀಕ್ಷೆಯನ್ನು. ಒಂದು ಪುಟ ಗಟ್ಟಿಯಾಗಿ ಓದಿಸಿ ನೋಡಿ. ನಾಲ್ಕೈದು ಕಡೆ ಎಡವಿದರೆ ಆ ಪುಸ್ತಕವನ್ನು ನೀವು ಓದಿ ಹೇಳಿ. ಅದಕ್ಕಿಂತ ಕಡಿಮೆ ಇದ್ದರೆ ಅವರೇ ಓದಿಕೊಳ್ಳಲಿ. ಎರಡೂ ಥರದ್ದು ಮನೆಯಲ್ಲಿ ಇರಬೇಕು.

ಕಥಿ ಮುಗಿದ ಮ್ಯಾಲೆ ನೀತಿ ಯಾಕ ಹಾಕಂಗಿಲ್ಲ ನೀವು? ಬರೇ ನಕ್ಕರ ಏನು ಬಂತು?

ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಕೇಳುವವರು ಮಕ್ಕಳ ಒಳ್ಳೆಯದಕ್ಕೇ ಕೇಳುತ್ತಾರೆ. ಕಥೆ ಅಂದರೆ ಕೊನೆಗೆ ಒಂದು ಬುದ್ಧಿಮಾತು ಇರಲೇಬೇಕು ಅಂತ ನಾವೆಲ್ಲ ಪಾಠದ ಪುಸ್ತಕ ಓದಿ ಬೆಳೆದವರು. ಪಂಚತಂತ್ರದ ಮಂಗ ಮತ್ತು ಮೊಸಳೆ ನೆನಪಿದೆ ಅಲ್ವಾ? ದೊಡ್ಡವರು ಅದರ ನೀತಿ ಹೇಳುತ್ತಾರೆ. ಮಗುವಿಗೆ ಉಳಿಯುವುದು ನಡುನೀರಿನಲ್ಲಿ ಕೂತು "ಗುಂಡಿಗೆ ಮರದ ಮೇಲೇ ಬಿಟ್ಟು ಬಂದೀನಿ" ಅಂದ ಮಂಗ.

ಪ್ರತಿ ಕಥೆ ಮುಗಿದ ಕೂಡಲೇ "ಇದರಿಂದ ಏನು ಕಲಿತಿ?" ಅಂತ ಕೇಳಿ ನೋಡಿ. ಕೆಲವೇ ದಿನದಲ್ಲಿ ಮಗು ಕಥೆ ಕೇಳುವುದನ್ನು ಬಿಟ್ಟು ಉತ್ತರ ಹುಡುಕಲು ಶುರು ಮಾಡುತ್ತದೆ. ಹೋರಿ ಕೊಬ್ಬರಿ ತಿನ್ನುವ ಪುಟದಲ್ಲಿ ನಗುವ ಬದಲು "ಆಸೆ ಪಡಬಾರದು" ಅಂತ ಒಪ್ಪಿಸುತ್ತದೆ. ನಾನು ಆ ಕಥೆಯಲ್ಲಿ ಅಂಥದ್ದೇನೂ ಹೇಳಿಲ್ಲ. ಹೇಳುವ ಮನಸ್ಸೂ ಇಲ್ಲ.

ಬರೀ ನಗು ಅನ್ನುವುದೂ ಸರಿಯಲ್ಲ. ಹೋರಿ ಓಡಬೇಕು ಅನ್ನುವ ನಿಯಮ ಗೊತ್ತಿದ್ದವರಿಗೆ ಮಾತ್ರ ನಿಂತ ಹೋರಿ ನಗು ತರಿಸುತ್ತದೆ. ಏನಾಗಬೇಕಿತ್ತು, ಏನಾಯಿತು, ಎರಡನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದರೆ ತಾನೇ ನಗು ಬರುವುದು? ಮಗು ಸರಿಯಾದ ಜಾಗದಲ್ಲಿ ನಕ್ಕಿತು ಅಂದರೆ ಪೂರ್ತಿ ಅರ್ಥ ಮಾಡಿಕೊಂಡಿದೆ ಅಂತಲೇ ಲೆಕ್ಕ. ಆಮೇಲೆ ಅದೇ ಪುಸ್ತಕ ಮತ್ತೆ ಬೇಕು ಅನ್ನುತ್ತದೆ. ನಾಲ್ಕನೇ ಸಲ ಓದುವಾಗ ಎಡವುತ್ತಿದ್ದ ಒತ್ತಕ್ಷರಗಳೂ ಸಲೀಸಾಗಿ ಬಾಯಿಗೆ ಬರುತ್ತವೆ.

ದೊಡ್ಡವರನ್ನ ಅಣಕಿಸೋದು ಕಲಿಯಂಗಿಲ್ಲೇನ್ರಿ ಇದನ್ನ ಓದಿ?

ಯಾರನ್ನು ನೋಡಿ ನಗುತ್ತೇವೆ ಅನ್ನುವುದರ ಮೇಲೆ ನಾನು ಬಹಳ ಕಟ್ಟುನಿಟ್ಟು. ದಪ್ಪ ಇರುವವರು, ಮೈ ಕಪ್ಪಗಿರುವವರು, ತೊದಲುವವರು, ಹರಿದ ಅಂಗಿಯವರು, ಬೇರೆ ಮನೆಮಾತಿನವರು, ಇವರನ್ನು ತೋರಿಸಿ ನಗಿಸುವುದು ಬಲು ಸುಲಭ. ನನ್ನ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಯಾಕೆಂದರೆ ಆ ಪುಟ ಓದುವ ತರಗತಿಯಲ್ಲಿ ಅಂಥ ಮಗು ಕೂತೇ ಇರುತ್ತದೆ. ಎಲ್ಲರೂ ನಗುವಾಗ ಅದು ತಲೆ ತಗ್ಗಿಸುತ್ತದೆ. ಮರುದಿನ ಅದಕ್ಕೊಂದು ಅಡ್ಡಹೆಸರು ಅಂಟಿಕೊಂಡಿರುತ್ತದೆ, ಏಳನೇ ಇಯತ್ತೆ ಮುಗಿದರೂ ಹೋಗುವುದಿಲ್ಲ.

ದೊಡ್ಡವರ ಬಡಾಯಿ ನೋಡಿ ನಗಲಿ, ತಪ್ಪಿಲ್ಲ. ನನ್ನ ಒಂದು ಕಥೆಯಲ್ಲಿ ಎಲ್ಲ ಗೊತ್ತು ಅನ್ನುವ ಕಾಕಾ ಇದ್ದಾನೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಸಂತೆಯಲ್ಲಿ ಭಾಷಣ ಮಾಡುತ್ತಾನೆ. ಮಾತು ಖರೆಯೇ. ಆದರೆ ತೋರಿಸಲು ಅಂತ ಕಚ್ಚಿದ್ದು ಗುಂಟೂರಿನದು. ಅಲ್ಲಿ ನಗು ಬರುವುದು ಕಾಕಾನ ಮೈ ನೋಡಿ ಅಲ್ಲ, ಬಡತನ ನೋಡಿ ಅಲ್ಲ, ಜಂಬ ನೋಡಿ. ಕೊನೆಗೆ ಅವನಿಗೆ ಬೆಲ್ಲ ತಂದು ಕೊಡುವವರೂ ಮಕ್ಕಳೇ. ಇಂಥ ಕಥೆ ಓದಿದ ಮಗು ನಿಮ್ಮನ್ನು ಅಣಕಿಸುವುದಿಲ್ಲ. ನೀವು ಬಡಾಯಿ ಕೊಚ್ಚುವಾಗ ಒಂದು ನಗು ಬೀರಬಹುದು, ಅಷ್ಟೇ.

ಕೆಲವು ಪದ್ಯಕ್ಕ ಅರ್ಥನ ಇಲ್ಲಲ್ಲ?

ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ ಸಾಹೇಬರ ಪದದಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ. ದೊಡ್ಡವರು ಅದರಲ್ಲಿ ತತ್ವ ಕಾಣುತ್ತಾರೆ. ಮಗು ಆ ಕೋಳಿ ಎಷ್ಟು ದೊಡ್ಡದಿರಬಹುದು ಅಂತ ಲೆಕ್ಕ ಹಾಕುತ್ತದೆ. ಎರಡೂ ಸರಿ. ನನ್ನ ಪದ್ಯದಲ್ಲಿ ತತ್ವ ಇಲ್ಲ, ಆದರೆ ತಾಳ ಇದೆ, ಚಿತ್ರ ಇದೆ. ಐದು ವರ್ಷದವರಿಗೆ ಅಷ್ಟು ಸಾಕು.

ನಮ್ಮ ಹುಡುಗ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾನ, ಓದಾಕ ಬರಂಗಿಲ್ಲ. ಏನು ಮಾಡೂದ್ರಿ?

ಮಾತಾಡುತ್ತಾನೆ ಅಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿದೆ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ನೀವು ಓದಿ. ಕಥೆಯಲ್ಲಿ ಒಬ್ಬರ ಮಾತನ್ನು ಮಾತ್ರ ಅವನಿಗೆ ಬಿಟ್ಟುಕೊಡಿ. ನನ್ನ ಹೋರಿ ಮೂರೇ ಮಾತು ಆಡುತ್ತದೆ: "ಒಲ್ಲೆ", "ಯಾಕ?", "ಇನ್ನೊಂದು ಕೊಡು". ಬೇಕು ಅಂತಲೇ ಹಾಗೆ ಬರೆದದ್ದು. ಒತ್ತಕ್ಷರ ಕಲಿಯುತ್ತಿರುವವರಿಗೂ ಅದು ಸಾಗುತ್ತದೆ. ಓದುವಾಗ ನಡುವೆ ತಡೆದು ಉಚ್ಚಾರ ತಿದ್ದಬೇಡಿ. ನಗುವ ಜಾಗದಲ್ಲಿ ತಡೆದರೆ ಆ ರಾತ್ರಿ ಅಲ್ಲಿಗೇ ಮುಗಿಯುತ್ತದೆ.

ಪುಸ್ತಕ ಎಲ್ಲಿ ಸಿಗ್ತಾವ? ಪ್ರತಿ ಸಲ ರೊಕ್ಕ ಕೊಟ್ಟು ತರೂದು ಆಗಂಗಿಲ್ಲ.

ಕೊಳ್ಳುವವರಿಗೆ ಧಾರವಾಡದ ಸುಭಾಸ ರಸ್ತೆ, ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಕನ್ನಡ ಪುಸ್ತಕದ ಅಂಗಡಿಗಳಿವೆ. ಹಳ್ಳಿಯವರು ಗ್ರಾಮ ಪಂಚಾಯಿತಿ ಗ್ರಂಥಾಲಯ ಕೇಳಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಶುರುವಾದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮೊಬೈಲ್ ಹೇಗೂ ಕೈಯಲ್ಲಿ ಇರುತ್ತದೆ ಅನ್ನುವವರು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ತೆರೆಯಿರಿ. ಕನ್ನಡದ ಚಿತ್ರಕಥೆಗಳು ಬೇಕಾದಷ್ಟಿವೆ, ದುಡ್ಡು ಕೊಡಬೇಕಿಲ್ಲ.

## ಶಾಲೆಯವರು ಕೇಳಿದ್ದು

ನಗೆ ಕಥೆ ಓದಿ ಹೇಳಿದರೆ ತರಗತಿ ಕೈಗೆ ಸಿಗೋದಿಲ್ಲ. ಹೇಗೆ ಓದಬೇಕು?

ಮೊದಲು ನೀವೊಬ್ಬರೇ ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ನಗು ಬರುತ್ತದೆ ಅಂತ ಪೆನ್ಸಿಲ್ ಗುರುತು ಹಾಕಿ. ತರಗತಿಯಲ್ಲಿ ಆ ಜಾಗಕ್ಕೆ ಬಂದಾಗ ನೀವು ಮೊದಲು ನಗಬೇಡಿ, ಮುಖ ಗಂಭೀರವಾಗಿರಲಿ. ಪುಟ ತಿರುಗಿಸುವ ಮುಂಚೆ ನಿಲ್ಲಿಸಿ "ಮುಂದೆ ಏನಾಗಿರಬಹುದು?" ಅಂತ ಇಬ್ಬರನ್ನು ಕೇಳಿ. ಇಬ್ಬರೇ ಸಾಕು, ಹತ್ತು ಜನ ಹೇಳಿದರೆ ಕಥೆ ತಣ್ಣಗಾಗುತ್ತದೆ. ಆಮೇಲೆ ಪುಟ ತಿರುಗಿಸಿ.

ಗದ್ದಲ ಆಗುತ್ತದೆ, ಆಗಲಿ. ಅರ್ಧ ನಿಮಿಷ ಬಿಡಿ. ಮುಂದೇನು ಅಂತ ತಿಳಿಯುವ ಆಸೆಗೆ ತಾವಾಗೇ ಸುಮ್ಮನಾಗುತ್ತಾರೆ. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿ ಇದಕ್ಕೆ ಚಲೋ ಹೊತ್ತು. ಮುಗಿದ ಮೇಲೆ ಪ್ರಶ್ನೋತ್ತರ ಬರೆಸಬೇಡಿ. ಏನಾದರೂ ಮಾಡಿಸಲೇಬೇಕು ಅಂದರೆ ಹೋರಿಗೆ ಒಂದು ಕಾಗದ ಬರೆಸಿ.

ಸಂಭಾಷಣೆ ಎಲ್ಲಾ ಆಡುಭಾಷೆಯಲ್ಲಿದೆ. ಪರೀಕ್ಷೆಯಲ್ಲಿ ಮಕ್ಕಳು ಹಾಗೇ ಬರೆದುಬಿಟ್ಟರೆ?

ನಿರೂಪಣೆ ಪುಸ್ತಕದ ಕನ್ನಡದಲ್ಲಿದೆ, ಜನ ಮಾತಾಡುವಾಗ ಮಾತ್ರ ನಮ್ಮ ಮಾತು. ಒಂದೇ ಪುಟದಲ್ಲಿ ಎರಡೂ ನೋಡಿದ ಮಗು ಯಾವುದು ಎಲ್ಲಿಗೆ ಅಂತ ಬೇಗ ಕಲಿಯುತ್ತದೆ. ಬೇಂದ್ರೆಯವರು ಸಾಧನಕೇರಿಯಲ್ಲಿ ಕೂತು ಇದೇ ಮಾತಿನಲ್ಲಿ ಕವಿತೆ ಬರೆದರು, 1973ರ ಜ್ಞಾನಪೀಠ ಪಡೆದರು. ತನ್ನ ಅಜ್ಜಿಯ ಮಾತು ಅಚ್ಚಿನಲ್ಲಿ ಕಂಡಾಗ ಮಗುವಿನ ಮುಖ ಅರಳುವುದನ್ನು ನಾನು ಗದಗಿನಲ್ಲೂ ಕಂಡಿದ್ದೇನೆ, ರಾಣೆಬೆನ್ನೂರಿನಲ್ಲೂ ಕಂಡಿದ್ದೇನೆ.

ಗ್ಯಾದರಿಂಗ್‌ನಲ್ಲಿ ನಿಮ್ಮ ಕಥೆಯನ್ನು ನಾಟಕ ಮಾಡಬಹುದಾ? ಅನುಮತಿ, ಫೀಸು ಏನಾದರೂ ಇದೆಯಾ?

ಮಾಡಿ. ಶಾಲೆಯ ಮಕ್ಕಳು, ಶಿಕ್ಷಕರು ಸೇರಿ ಆಡಿ, ನೋಡುವವರೂ ಅವರೇ ಮತ್ತು ಪಾಲಕರು ಆಗಿದ್ದರೆ ಹಕ್ಕುಸ್ವಾಮ್ಯ ಕಾಯ್ದೆಯೇ ಅದಕ್ಕೆ ಬಿಡುವು ಕೊಟ್ಟಿದೆ. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸುವುದಾದರೆ ಲೇಖಕರ ಒಪ್ಪಿಗೆ ಬೇಕು.

ಮಾತುಗಳನ್ನು ನಿಮ್ಮೂರಿನ ಮಾತಿಗೆ ಬದಲಿಸಿಕೊಳ್ಳಿ. ಹೋರಿಗೆ ಒಂದು ಕಂಬಳಿ, ಒಳಗೆ ಇಬ್ಬರು ಮಕ್ಕಳು ಸಾಕು. ಕೊಬ್ಬರಿ ಮಾತ್ರ ರಟ್ಟಿನದು ಬೇಡ, ನಿಜವಾದದ್ದೇ ಕಟ್ಟಿ. ಅಗಿಯುವ ಸದ್ದು ಮೈಕಿನಲ್ಲಿ ಕೇಳಿಸಿದರೆ ಹಿಂದಿನ ಸಾಲಿನವರೂ ನಗುತ್ತಾರೆ.

## ಬರೆಯಲು ಹೊರಟವರು ಕೇಳಿದ್ದು

ಮಕ್ಕಳದ್ದು ಆಯ್ತು, ದೊಡ್ಡವರಿಗೆ ಯಾವಾಗ ಬರೀತೀರಿ?

ನನಗೆ ಇದೇ ದೊಡ್ಡ ಕೆಲಸ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಕುವೆಂಪು, ಇವರೆಲ್ಲ ಮಕ್ಕಳಿಗಾಗಿ ಬರೆದವರು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯಕ್ಕೆ ಬೇರೆಯೇ ಪುರಸ್ಕಾರ ಕೊಡುತ್ತಿದೆ. ಮಗು ಮೊದಲು ಹಿಡಿಯುವ ಪುಸ್ತಕ ಬೇಸರ ತರಿಸಿದರೆ ಮುಂದೆ ದೊಡ್ಡವರ ಪುಸ್ತಕ ಯಾರು ಓದಬೇಕು?

ಹೇಳುವಾಗ ಎಲ್ಲರೂ ನಗ್ತಾರೆ, ಬರೆದರೆ ಯಾರೂ ನಗಲ್ಲ. ಯಾಕೆ?

ಹೇಳುವಾಗ ನೀವು ನಿಲ್ಲುತ್ತೀರಿ, ಕಣ್ಣು ಅಗಲಿಸುತ್ತೀರಿ. ಪುಸ್ತಕದಲ್ಲಿ ಆ ಕೆಲಸ ಪುಟ ಮಾಡಬೇಕು. ಪುಸ್ತಕ ತೆರೆದಾಗ ಎಡಕ್ಕೆ ಸಮ ಸಂಖ್ಯೆಯ ಪುಟ, ಬಲಕ್ಕೆ ಬೆಸ ಸಂಖ್ಯೆಯದು. ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಗುಟ್ಟನ್ನು ಬಲ ಪುಟದ ಕೊನೆಯ ಸಾಲಿನವರೆಗೆ ಕಟ್ಟಿ, ತಿರುಗಿಸಿದ ಮೇಲೆ ಎಡ ಪುಟದಲ್ಲಿ ಬಿಚ್ಚಬೇಕು. "ಸೀಟಿ ಊದಿತು. ಜನ ಕೂಗಿತು. ಹೋರಿ" ಅಂತ ಹನ್ನೊಂದನೇ ಪುಟದಲ್ಲಿ ನಿಲ್ಲಿಸಿದೆ. ಹನ್ನೆರಡನೇ ಪುಟದಲ್ಲಿ ಮಾತೇ ಇಲ್ಲ, ಅಗಿಯುತ್ತಿರುವ ಹೋರಿಯ ಮುಖ ಅಷ್ಟೇ. ಇದೇ ನಗು ಹತ್ತನೇ ಪುಟದಿಂದ ಹನ್ನೊಂದಕ್ಕೆ ಬಂದಿದ್ದರೆ ಮಕ್ಕಳು ಓದುವ ಮುಂಚೆಯೇ ಚಿತ್ರ ನೋಡಿಬಿಡುತ್ತಿದ್ದರು.

ಇನ್ನೊಂದು ಮಾತು. "ತಮಾಷೆಯ ಸಂಗತಿ ನಡೆಯಿತು" ಅಂತ ಎಲ್ಲೂ ಬರೆಯಬೇಡಿ. ನಿಮ್ಮ ಪಾತ್ರಗಳಿಗೆ ಆ ಹೊತ್ತು ತಮಾಷೆ ಆಗಿರಬಾರದು.

ಪ್ರಾಸ ಸರಿ ಇದೆ, ಆದರೂ ಪದ್ಯ ಓದುವಾಗ ಎಡವುತ್ತೆ.

ಪ್ರಾಸ ಆಮೇಲೆ, ಮೊದಲು ಮಾತ್ರೆ ಎಣಿಸಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ಅಜ್ಜನ ಅವಲಕ್ಕಿ ಪದ್ಯ ಹೀಗಿದೆ:

ಅಜ್ಜನ ಚೀಲದ ಅವಲಕ್ಕಿ,
ನೋಡಿತು ಮಾಡಿನ ಗುಬ್ಬಕ್ಕಿ.

ಅಜ್ಜನ ನಾಲ್ಕು, ಚೀಲದ ನಾಲ್ಕು, ಅವಲಕ್ಕಿ ಐದು. ಕೆಳಗೆ ನೋಡಿತು ನಾಲ್ಕು, ಮಾಡಿನ ನಾಲ್ಕು, ಗುಬ್ಬಕ್ಕಿ ಐದು. ಚಪ್ಪಾಳೆ ತಟ್ಟಿ ಹೇಳಿದರೆ ಎಲ್ಲೂ ತಡೆಯುವುದಿಲ್ಲ. "ನೋಡಿತು" ತೆಗೆದು "ನೋಡಿಬಿಟ್ಟಿತು" ಅಂತ ಹಾಕಿ ನೋಡಿ. ಏಳು ಮಾತ್ರೆ ಆಯಿತು, ಕೈ ಅ‌ಲ್ಲೇ ತಪ್ಪುತ್ತದೆ. ಮಕ್ಕಳಿಗೆ ಕೊಡುವ ಮುಂಚೆ ನಡೆದಾಡುತ್ತ ಹೇಳಿಕೊಳ್ಳಿ. ಕಾಲು ನಿಂತ ಕಡೆ ಸಾಲು ಕೆಟ್ಟಿದೆ.

ಚಿತ್ರ ಬಿಡಿಸುವವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು?

ಕಥೆ ಕೊಡಿ, ಊರಿನ ವಿವರ ಕೊಡಿ, ಉಳಿದದ್ದು ಅವರಿಗೆ ಬಿಡಿ. ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. ಮಾತು ಒಂದು ಹೇಳಿ ಚಿತ್ರ ಇನ್ನೊಂದು ತೋರಿಸಿದರೆ ನಗು ಎರಡು ಪಟ್ಟು. "ಹೋರಿ ಓಟಕ್ಕೆ ತಯಾರಾಗುತ್ತಿತ್ತು" ಅಂತ ನಾನು ಬರೆದ ಪುಟದಲ್ಲಿ ಕಲಾವಿದೆ ಅದನ್ನು ಹುಲ್ಲಿನ ಬಣವೆಗೆ ಒರಗಿಸಿ ಮಲಗಿಸಿದಳು. ಓದಲು ಬಾರದ ಮಗುವೂ ಅಲ್ಲಿ ನಗುತ್ತದೆ, ತನಗೆ ಗೊತ್ತಿರುವುದು ಓದುವವರಿಗೆ ಗೊತ್ತಿಲ್ಲ ಅಂತ ಹಿಗ್ಗುತ್ತದೆ.

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಬೇಕು. ಏನೇನು ನೋಡಿಕೊಳ್ಳಬೇಕು?

ಪಿನ್ನು ಹೊಡೆದ ಪುಸ್ತಕ ಆದರೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು: 16, 24, 32. ಕಥೆ 26 ಪುಟ ಬಂದರೆ ಎರಡು ಪುಟ ಕಡಿಮೆ ಮಾಡಿ, ಇಲ್ಲವೇ ಎರಡು ಪುಟ ಚಿತ್ರ ಸೇರಿಸಿ. ಅಕ್ಷರ ದೊಡ್ಡದು ಮಾಡಿದರೆ ಸಾಲದು, ಸಾಲುಗಳ ನಡುವೆ ಜಾಗ ಬಿಡಿಸಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಜಾಗ ಸಾಲದಿದ್ದರೆ ಒಂದಕ್ಕೊಂದು ತಾಗಿ, ಈಗಷ್ಟೇ ಓದು ಕಲಿಯುತ್ತಿರುವ ಮಗು ಗೊಂದಲಕ್ಕೆ ಬೀಳುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಜಾಗ ಬಿಟ್ಟು ಹೋಗಿರುತ್ತವೆ. ಒಂದೊಂದೇ ಸಾಲು ಕಣ್ಣಿಟ್ಟು ನೋಡಿ.

ಗದಗ ಅಚ್ಚಿನ ಕೆಲಸಕ್ಕೆ ಹೆಸರಾದ ಊರು, ಹುಬ್ಬಳ್ಳಿಯಲ್ಲೂ ಒಳ್ಳೆಯ ಮುದ್ರಣಾಲಯಗಳಿವೆ. ಎರಡು ಮೂರು ಕಡೆ ದರ ಕೇಳಿ. ಬಣ್ಣದ ಒಂದು ಪುಟ ಅಚ್ಚು ಹಾಕಿಸಿ ನೋಡಿದ ಮೇಲೆ ಉಳಿದದ್ದಕ್ಕೆ ಹೂಂ ಅನ್ನಿ. ಪರದೆಯ ಮೇಲೆ ಕಂಡ ಕೆಂಪು ಕಾಗದದ ಮೇಲೆ ಬೇರೆಯೇ ಆಗಿ ಬರುತ್ತದೆ. ಪುಸ್ತಕದ ಗುರುತಿಗೆ ಹಾಕುವ ಐಎಸ್‌ಬಿಎನ್ ಸಂಖ್ಯೆಗೆ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.

ಹಕ್ಕುಸ್ವಾಮ್ಯ ನೋಂದಾಯಿಸದಿದ್ದರೂ ಬರೆದ ಕೂಡಲೇ ನಿಮ್ಮದೇ. ನಿಮ್ಮ ಕಾಲದ ನಂತರ 60 ವರ್ಷ ಮನೆಯವರಿಗೆ ಇರುತ್ತದೆ. ಚಿತ್ರಗಳ ವಿಷಯ ಹಾಗಲ್ಲ. ಯಾರದು, ಎಷ್ಟು ಮುದ್ರಣಕ್ಕೆ, ಬೇರೆ ಭಾಷೆಗೆ ಹೋದರೆ ಎಷ್ಟು ಕೊಡಬೇಕು, ಇವನ್ನೆಲ್ಲ ಕಲಾವಿದರ ಜೊತೆ ಮೊದಲೇ ಕೂತು ಮಾತಾಡಿ ಕಾಗದದ ಮೇಲೆ ಬರೆದುಕೊಳ್ಳಿ. ಮುಖಪುಟದಲ್ಲಿ ಅವರ ಹೆಸರನ್ನು ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ ಹಾಕಿಸಿ.